ಸಭೆಗೆ ಬರುವುದನ್ನು ನಿಲ್ಲಿಸಿದವರು: ನಿವೃತ್ತ ನೌಕರರ ಸಂಘಗಳಿಗೆ ಒಂದು ಬಹಿರಂಗ ಪತ್ರ

ರಾಜ್ಯದ ಊರೂರುಗಳಲ್ಲಿರುವ ನಿವೃತ್ತ ನೌಕರರ ಸಂಘಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಎಲ್ಲ ಸದಸ್ಯರಿಗೆ,

ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಬಹುಕಾಲ ಶುಶ್ರೂಷಕಿಯಾಗಿ ದುಡಿದು ಈಗ ನಿಮ್ಮ ಹಾಗೆಯೇ ಪಿಂಚಣಿಯಲ್ಲಿರುವವಳು ನಾನು. ನಮ್ಮೂರಿನ ಸಂಘದ ಸದಸ್ಯೆ. ಸರ್ವಸದಸ್ಯರ ಸಭೆಗಳಲ್ಲಿ ತುಟ್ಟಿಭತ್ಯೆಯ ಬಾಕಿ, ಪಿಂಚಣಿ ಪರಿಷ್ಕರಣೆ, ವೈದ್ಯಕೀಯ ವೆಚ್ಚದ ಮರುಪಾವತಿ, ಖಜಾನೆಯಲ್ಲಿ ನಿಂತುಹೋದ ಕಡತ, ಎಲ್ಲದರ ಚರ್ಚೆಯಾಗುವುದನ್ನು ನೋಡುತ್ತ ಬಂದಿದ್ದೇನೆ. ಆಗಲೇಬೇಕು, ಕೈಯಲ್ಲಿ ಕಾಸಿಲ್ಲದ ಮುಪ್ಪಿನಲ್ಲಿ ಮನಸ್ಸಿಗೆ ನೆಮ್ಮದಿ ಎಲ್ಲಿಂದ ಬರಬೇಕು? ಸಭೆಯ ಮೊದಲಿಗೆ ಆ ವರ್ಷ ತೀರಿಕೊಂಡವರ ಹೆಸರು ಓದಿ ಒಂದು ನಿಮಿಷ ಮೌನ ಆಚರಿಸುತ್ತೇವೆ. ಹೊಸದಾಗಿ ನಿವೃತ್ತರಾದವರಿಗೆ ಹಾರ ಹಾಕಿ ಶಾಲು ಹೊದಿಸುತ್ತೇವೆ. ಶಾಲು ಹೊದಿಸಿಕೊಂಡ ದಿನದಿಂದ ಹೆಸರು ಓದಿಸಿಕೊಳ್ಳುವ ದಿನದವರೆಗೆ ಇಪ್ಪತ್ತು ಇಪ್ಪತ್ತೈದು ವರ್ಷಗಳಿರುತ್ತವಲ್ಲ, ಅಷ್ಟು ಕಾಲ ಆ ಮನುಷ್ಯರ ಮನಸ್ಸು ಹೇಗಿತ್ತು ಎಂಬ ವಿಚಾರ ನಾನು ಕಂಡ ಯಾವ ಸಭೆಯ ಕಾರ್ಯಸೂಚಿಯಲ್ಲೂ ಬಂದಿಲ್ಲ. ಅದನ್ನು ಸೇರಿಸಿ ಎಂದು ಕೇಳುವುದಕ್ಕೆ ಈ ಪತ್ರ.

ಸಭೆಗೆ ಬರುವವರ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಬಸ್ಸು ಹತ್ತಿ ಬಂದು, ಹಿಂದಿನ ಸಾಲಿನಲ್ಲಿ ಕೂತು, ಉಪ್ಪಿಟ್ಟು ಕಾಫಿ ಮುಗಿಸಿ, ಕಾರ್ಯದರ್ಶಿಯ ಜತೆ ಒಂದಿಷ್ಟು ವಾದವನ್ನೂ ಮಾಡಿ ಹೋಗುವವರು ಬಹುಮಟ್ಟಿಗೆ ಚೆನ್ನಾಗಿಯೇ ಇದ್ದಾರೆ. ಎರಡು ವರ್ಷದ ಹಿಂದೆ ಅದೇ ಸಾಲಿನಲ್ಲಿ ಕೂತು ವಾದ ಮಾಡುತ್ತಿದ್ದು ಈಗ ಬಾರದೇ ಇರುವವರು ಯಾರು? ವಿಚಾರಿಸಿದರೆ, “ಅವರಿಗೆ ವಯಸ್ಸಾಯ್ತಲ್ಲ, ಎಲ್ಲೂ ಹೊರಗೆ ಬರೋಲ್ಲ” ಎಂಬ ಉತ್ತರ ಸಿಗುತ್ತದೆ. ನನ್ನ ಕೆಲಸದ ವರ್ಷಗಳಲ್ಲಿ ಇಷ್ಟು ಹಾನಿ ಮಾಡಿದ ಮಾತನ್ನು ನಾನು ಬೇರೆ ಕೇಳಿಲ್ಲ. ಮಂಡಿ ನೋವಿಗೆ ವಯಸ್ಸು ಕಾರಣವಿರಬಹುದು, ಕಣ್ಣಿನ ಪೊರೆಗೂ ಇರಬಹುದು. ಮೊಮ್ಮಗು ಬಂದು ಮಡಿಲೇರಿದರೂ ಮುಖದಲ್ಲಿ ನಗು ಮೂಡದಿರುವುದಕ್ಕೆ, ಜೀವನವಿಡೀ ಓದಿದ ಪತ್ರಿಕೆಯನ್ನು ಮಡಿಕೆ ಬಿಚ್ಚದೆ ಪಕ್ಕಕ್ಕಿಡುವುದಕ್ಕೆ ವಯಸ್ಸನ್ನು ಹೊಣೆ ಮಾಡಬೇಡಿ. ವಾರಗಟ್ಟಲೆ ಹಾಗೆಯೇ ಇದ್ದರೆ ಅದು ಖಿನ್ನತೆಯಿರಬಹುದು. ಖಿನ್ನತೆ ಒಂದು ಕಾಯಿಲೆ. 75ನೇ ವಯಸ್ಸಿನಲ್ಲಿ ಬಂದರೂ ಔಷಧಿಗೆ, ಆಪ್ತ ಸಮಾಲೋಚನೆಗೆ, ಆರೈಕೆಗೆ ಬಗ್ಗುವ ಕಾಯಿಲೆ.

2017–18ರಲ್ಲಿ ದೇಶದಾದ್ಯಂತ, 45 ದಾಟಿದ ಸುಮಾರು 72,000 ಜನರನ್ನು ಮಾತಾಡಿಸಿದ ದೊಡ್ಡ ಸಮೀಕ್ಷೆಯೊಂದು ನಡೆಯಿತು. ಲಾಸಿ ಎಂಬ ಚಿಕ್ಕ ಹೆಸರಿನಲ್ಲಿ ಅದನ್ನು ಕರೆಯುತ್ತಾರೆ. ಆ ಸಮೀಕ್ಷೆಯ ಪ್ರಶ್ನಾವಳಿಯ ಪ್ರಕಾರ 60 ದಾಟಿದವರಲ್ಲಿ ಶೇ 8.3ರಷ್ಟು ಜನರಿಗೆ ತೀವ್ರ ಖಿನ್ನತೆಯ ಲಕ್ಷಣಗಳಿದ್ದವು. ತಮಗೆ ಖಿನ್ನತೆಯಿದೆಯೆಂದು ವೈದ್ಯರು ಗುರುತಿಸಿದ್ದಾರೆ ಎಂದು ಹೇಳಿದವರು ಶೇ 0.8 ಮಾತ್ರ. ಈ ಲೆಕ್ಕವನ್ನು 300 ಜನ ಸದಸ್ಯರಿರುವ ಒಂದು ಸಂಘಕ್ಕೆ ಹಾಕಿ ನೋಡಿ. ಲೆಕ್ಕ ಒರಟೇ, ಆದರೂ ಸುಮಾರು 25 ಜನ ಈ ಕಾಯಿಲೆಯಲ್ಲಿ ನರಳುತ್ತಿದ್ದಾರೆ. ಅದರ ಹೆಸರು ವೈದ್ಯರ ಚೀಟಿಯಲ್ಲಿ ಬರೆಸಿಕೊಂಡವರು ಇಬ್ಬರೋ ಮೂವರೋ.

ಉಳಿದವರು ಎಲ್ಲಿದ್ದಾರೆ? ಅವರೂ ಆಸ್ಪತ್ರೆಗೆ ಬರುತ್ತಾರೆ, ಬೇರೆ ಬೇರೆ ಬಾಗಿಲುಗಳಿಂದ. ನಮ್ಮ ಪೀಳಿಗೆಯವರು “ನನಗೆ ದುಃಖವಾಗಿದೆ” ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಎದೆ ಡವಡವ ಅನ್ನುತ್ತೆ, ಹೊಟ್ಟೆ ಉಬ್ಬರ, ತಲೆ ಭಾರ, ಕೈಕಾಲು ಸೋಲು, ಬಾಯಿಗೆ ರುಚಿಯಿಲ್ಲ, ನಡುರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ, ಹೀಗೆ ಹೇಳುತ್ತಾರೆ. ಇಸಿಜಿ ಆಗುತ್ತದೆ, ಸ್ಕ್ಯಾನಿಂಗ್ ಆಗುತ್ತದೆ, ಎಂಡೋಸ್ಕೋಪಿಯೂ ಆಗುತ್ತದೆ. ಎಲ್ಲ ಸರಿಯಿದೆ ಎಂಬ ವರದಿ ಹಿಡಿದು ಮನೆಗೆ ಬಂದರೆ, “ಡಾಕ್ಟ್ರು ಏನೂ ಇಲ್ಲ ಅಂದ್ರು, ಸುಮ್ಮನೆ ಹಾಗೆ ಆಡ್ತಾರೆ” ಎಂದು ಮನೆಯವರು ಬೇಸರಪಡುತ್ತಾರೆ. ಅಲ್ಲಿಂದ ಮುಂದೆ ಆ ಹಿರಿಯರು ಹೇಳಿಕೊಳ್ಳುವುದನ್ನೂ ಬಿಡುತ್ತಾರೆ. ಕೆಲವರಲ್ಲಿ ಇದು ಸಿಡುಕಾಗಿ ಬರುತ್ತದೆ. ಹಾಲಿನವನ ಮೇಲೆ, ಸೊಸೆಯ ಮೇಲೆ, ಟಿವಿಯ ಸದ್ದಿನ ಮೇಲೆ ರೇಗುವ ಮನುಷ್ಯನನ್ನು ನೋಡಿ ಖಿನ್ನತೆ ಎಂದು ಯಾರಿಗೂ ಹೊಳೆಯುವುದಿಲ್ಲ. ಇನ್ನು ಕೆಲವರಿಗೆ ಮರೆವು. ಡಿಮೆನ್ಷಿಯಾ ಬಂತೆಂದು ಹೆದರಿ ಬಂದವರಲ್ಲಿ ಖಿನ್ನತೆಗೆ ಚಿಕಿತ್ಸೆ ಕೊಟ್ಟ ಮೇಲೆ ನೆನಪು ಬಹಳ ಮಟ್ಟಿಗೆ ಮರಳಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗಂತ ಎಲ್ಲ ಮರೆವೂ ಖಿನ್ನತೆಯಲ್ಲ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ 7.4 ಜನರಿಗೆ ಡಿಮೆನ್ಷಿಯಾ ಇದೆಯೆಂಬ ಅಂದಾಜಿದೆ. ಯಾವುದು ಯಾವುದು ಎಂದು ತಿಳಿಯಬೇಕಾದರೆ ವೈದ್ಯರಿಗೆ ತೋರಿಸಲೇಬೇಕು. ಮನೆಯಲ್ಲಿ ಕೂತು ತೀರ್ಮಾನ ಮಾಡುವ ವಿಷಯ ಇದಲ್ಲ.

ತೋರಿಸುವಾಗ ಕೇಳಿಕೊಳ್ಳಬೇಕಾದ ರಕ್ತಪರೀಕ್ಷೆಗಳೂ ಇವೆ. ಥೈರಾಯ್ಡ್ ಕಡಿಮೆಯಾದರೆ ಮನಸ್ಸು ಮಂಕಾಗುತ್ತದೆ. ಬಿ12 ಕೊರತೆಯೂ ಹಾಗೆಯೇ. ಸಸ್ಯಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಬಹುಕಾಲ ನುಂಗಿದವರಲ್ಲಿ ಅದು ಹೆಚ್ಚು. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತದಲ್ಲಿ ಸೋಡಿಯಂ ಇಳಿದರೆ, ಇಲ್ಲವೇ ಮೂತ್ರದ ಸೋಂಕಾದರೆ, ಒಂದೆರಡು ದಿನದಲ್ಲೇ ಗೊಂದಲ, ಅಸಂಬದ್ಧ ಮಾತು ಶುರುವಾಗಬಹುದು. ನಿನ್ನೆಯವರೆಗೆ ಸರಿಯಿದ್ದವರು ಇವತ್ತು ದಿಕ್ಕು ತಪ್ಪಿದ ಹಾಗೆ ಮಾತಾಡಿದರೆ ಅದು ಅರಳುಮರಳೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ. ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಕಿವಿಯ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಮ್ಮ ಸಂಘಗಳಿಂದ ಜನ ದೂರವಾಗುವುದಕ್ಕೆ ನಾನು ಕಂಡ ದೊಡ್ಡ ಕಾರಣಗಳಲ್ಲಿ ಅದೂ ಒಂದು. ಕಿವಿ ಮಂದವಾದ ಮನುಷ್ಯ ಮೊದಲು ತಲೆಯಾಡಿಸುತ್ತಾನೆ. ನಗಬೇಕಾದಲ್ಲಿ ಬೇರೆಯವರ ಮುಖ ನೋಡಿ ನಗುತ್ತಾನೆ. ಆಮೇಲೆ ಮದುವೆಮನೆಗೆ ಹೋಗುವುದು ಬಿಡುತ್ತಾನೆ, ಸಭೆ ಬಿಡುತ್ತಾನೆ, ಫೋನು ಎತ್ತುವುದನ್ನೂ ಬಿಡುತ್ತಾನೆ. ಕನ್ನಡಕ ಹಾಕುವುದಕ್ಕೆ ಯಾರೂ ನಾಚುವುದಿಲ್ಲ, ಶ್ರವಣಯಂತ್ರವೆಂದರೆ ಮಾತ್ರ ಮುಖ ಸಣ್ಣದು ಮಾಡುತ್ತೇವೆ. ಡಿಮೆನ್ಷಿಯಾ ತಡೆಯ ಬಗ್ಗೆ ಲ್ಯಾನ್ಸೆಟ್ ಆಯೋಗ 2024ರಲ್ಲಿ ಕೊಟ್ಟ ವರದಿ, ನಾವು ಬದಲಿಸಬಹುದಾದ 14 ಅಪಾಯಗಳನ್ನು ಹೆಸರಿಸಿತು. ಅವೆಲ್ಲವನ್ನೂ ಸರಿಪಡಿಸಿದರೆ ಜಗತ್ತಿನ ಶೇ 45ರಷ್ಟು ಡಿಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಅದರ ಅಂದಾಜು. ಕಿವುಡು ಆ ಪಟ್ಟಿಯ ದೊಡ್ಡ ಅಪಾಯಗಳಲ್ಲಿ ಒಂದು. ಒಂಟಿತನದ ಬದುಕು, ಖಿನ್ನತೆ, ಚಿಕಿತ್ಸೆಯಾಗದ ದೃಷ್ಟಿದೋಷ ಕೂಡ ಅದರಲ್ಲಿವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇರುವ ರಾಜ್ಯ ನಮ್ಮದು. ಶ್ರವಣ ತಪಾಸಣೆಗೆ ಸಂಘವೇ ಒಂದು ದಿನ ಗೊತ್ತು ಮಾಡಬಾರದೇಕೆ? ಸಭೆಯಲ್ಲಿ ಮೈಕು ಕಿರುಗುಡದ ಹಾಗೆ ನೋಡಿಕೊಳ್ಳುವುದು, ಕಿವಿ ಮಂದವಿರುವವರನ್ನು ಮುಂದಿನ ಸಾಲಿಗೆ ಕರೆದು ಕೂರಿಸುವುದು, ಇವೂ ಮಾನಸಿಕ ಆರೋಗ್ಯದ ಕೆಲಸಗಳೇ.

ನಿದ್ದೆ ಮಾತ್ರೆಯ ಬಗ್ಗೆ ನನಗೆ ಭಯವಿದೆ. ಎಂದೋ ಒಮ್ಮೆ, ಮನೆಯಲ್ಲಿ ಸಾವಾದಾಗಲೋ ಆಪರೇಷನ್ ಆದಾಗಲೋ, ಹತ್ತು ದಿನಕ್ಕೆಂದು ಬರೆದುಕೊಟ್ಟ ಆಲ್‌ಪ್ರಜೋಲಮ್‌ನಂಥ ಮಾತ್ರೆಯನ್ನು ಹಳೆಯ ಚೀಟಿ ತೋರಿಸಿ ವರ್ಷಗಟ್ಟಲೆ ತರಿಸಿಕೊಂಡು ನುಂಗುವವರು ನಮ್ಮ ನಡುವೆ ಬೇಕಾದಷ್ಟು ಜನ ಇದ್ದಾರೆ. ಅದರಿಂದ ಜ್ಞಾಪಕ ಮಸುಕಾಗುತ್ತದೆ, ರಾತ್ರಿ ಬಚ್ಚಲಿಗೆ ಎದ್ದಾಗ ಕಾಲು ತಡವರಿಸುತ್ತದೆ, ಬಿದ್ದು ಸೊಂಟದ ಮೂಳೆ ಮುರಿದರೆ ಹಾಸಿಗೆಯೇ ಗತಿಯಾಗಬಹುದು. ಒಳಗಿನ ಖಿನ್ನತೆ ಮಾತ್ರ ಹಾಗೆಯೇ ಉಳಿದಿರುತ್ತದೆ. ಇದನ್ನು ಓದಿ ಯಾರೂ ಇವತ್ತೇ ಆ ಮಾತ್ರೆಯನ್ನು ಎಸೆಯಬೇಡಿ. ಥಟ್ಟನೆ ನಿಲ್ಲಿಸುವುದೂ ಅಪಾಯ. ವೈದ್ಯರ ಸಲಹೆಯಂತೆ ಸ್ವಲ್ಪಸ್ವಲ್ಪವಾಗಿ ಇಳಿಸಬೇಕು. ಖಿನ್ನತೆಗೆ ಕೊಡುವ ಮಾತ್ರೆಗಳು ಬೇರೆ ಜಾತಿಯವು. ಅವು ಚಟ ಹಿಡಿಸುವಂಥವಲ್ಲ. ಆದರೆ ಗುಣ ಕಾಣುವುದಕ್ಕೆ ಎರಡರಿಂದ ಆರು ವಾರ ಬೇಕು, ಹಿರಿಯರಿಗೆ ಇನ್ನೂ ತುಸು ಹೆಚ್ಚೇ ಹಿಡಿಯಬಹುದು. ಒಂದು ವಾರ ನುಂಗಿ “ಏನೂ ಉಪಯೋಗವಿಲ್ಲ” ಎಂದು ಬಿಟ್ಟವರನ್ನು ಮರಳಿ ಕರೆತರುವುದೇ ನಮ್ಮ ವಿಭಾಗದ ಅರ್ಧ ಕೆಲಸವಾಗಿತ್ತು.

ಈಗ ಹೆಂಗಸರ ಮಾತು. ನಮ್ಮ ಸಂಘಗಳ ಪುಸ್ತಕದಲ್ಲಿ ನೌಕರಿ ಮಾಡಿದವರ ಹೆಸರಿದೆ. ನೌಕರನಾಗಿದ್ದ ಗಂಡ ತೀರಿಕೊಂಡ ಮೇಲೆ ಆ ಹೆಸರಿನ ಮೇಲೆ ಗೆರೆ ಬೀಳುತ್ತದೆ, ಹೆಂಡತಿಗೆ ಕುಟುಂಬ ಪಿಂಚಣಿ ಮಂಜೂರಾಗುತ್ತದೆ. ಅರ್ಜಿ ತುಂಬಿ ಕೊಡುವುದಕ್ಕೆ ಸಂಘದವರು ಓಡಾಡುತ್ತಾರೆ, ಅದು ದೊಡ್ಡ ಉಪಕಾರ. ಮೊದಲ ಪಿಂಚಣಿ ಬ್ಯಾಂಕಿಗೆ ಬಿದ್ದ ಮೇಲೆ ಆಕೆಯ ಮನೆಗೆ ನಮ್ಮಿಂದ ಯಾರೂ ಹೋಗುವುದಿಲ್ಲ. ಆಕೆಗೆ ಎಟಿಎಂ ಕಾರ್ಡು ಬಳಸಿ ಗೊತ್ತಿಲ್ಲ. ಹಣ ತೆಗೆಯಲು ಮಗನನ್ನೋ ಅಳಿಯನನ್ನೋ ಕೇಳಬೇಕು. ಸ್ವಂತ ಪಿಂಚಣಿಯಲ್ಲಿ ನೂರು ರೂಪಾಯಿಯ ಔಷಧಿಗೆ ಕೈಚಾಚಬೇಕಾದ ಹೆಂಗಸಿನ ಮನಸ್ಸು ಹೇಗಿರುತ್ತದೆಂದು ನಾನು ನೂರಾರು ಜನರ ಬಾಯಲ್ಲಿ ಕೇಳಿದ್ದೇನೆ. ವಿಧವೆಯಾದ ಮೇಲೆ ಅರಿಶಿನ ಕುಂಕುಮಕ್ಕೆ ಕರೆಯದ ಮನೆಗಳು ಇನ್ನೂ ಇವೆ. ಅಂದರೆ ಆಕೆ ಹೋಗುತ್ತಿದ್ದ ನಾಲ್ಕು ಕಡೆಯಲ್ಲಿ ಮೂರು ಕಡೆ ಬಾಗಿಲು ಮುಚ್ಚಿದ ಹಾಗಾಯಿತು. ದಯವಿಟ್ಟು ಕುಟುಂಬ ಪಿಂಚಣಿದಾರರನ್ನು ಪೂರ್ಣ ಸದಸ್ಯರನ್ನಾಗಿ ಬರೆದುಕೊಳ್ಳಿ. ಸಭೆಯ ಕಾರ್ಡು ಆಕೆಯ ಹೆಸರಿಗೇ ಹೋಗಲಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆ ಒಂದು ಅನುಕೂಲದಿಂದ ಎಷ್ಟೋ ಅಜ್ಜಿಯರು ತವರೂರು, ಧರ್ಮಸ್ಥಳ, ಮಗಳ ಮನೆ ಎಂದು ತಾವಾಗಿಯೇ ಹೊರಟು ನಿಂತಿದ್ದನ್ನು ನೋಡಿ ನನ್ನ ಜೀವ ತಂಪಾಗಿದೆ. ಸಭೆಗೂ ಅದೇ ಬಸ್ಸಿನಲ್ಲಿ ಬರುತ್ತಾರೆ, ಕರೆಯುವವರಿದ್ದರೆ.

ಗಂಡಸರ ಕಷ್ಟ ಇನ್ನೊಂದು ಬಗೆಯದು. 60 ತುಂಬಿದ ತಿಂಗಳ ಕೊನೆಯ ದಿನದವರೆಗೆ ಹಾಜರಿ ಪುಸ್ತಕ, ಸಹಿ, ಮೇಲಧಿಕಾರಿ, ಸಹೋದ್ಯೋಗಿ, ಮಧ್ಯಾಹ್ನದ ಡಬ್ಬಿ ಎಲ್ಲ ಇದ್ದವು. ಮರುದಿನ ಒಂದೂ ಇಲ್ಲ. ಗೆಳೆತನವೆಲ್ಲ ಕಚೇರಿಯಲ್ಲೇ ಇದ್ದವರಿಗೆ ಊರಿನಲ್ಲಿ ಮಾತಾಡಲು ಜನವೇ ಇರುವುದಿಲ್ಲ. ಮನೆಯಲ್ಲಿ ಹೆಂಡತಿಗೆ ನಿವೃತ್ತಿಯೆಂಬುದು ಬಂದೇ ಇಲ್ಲ, ಆಕೆಯ ದಿನಚರಿ ಹಿಂದಿನಂತೆಯೇ ನಡೆದಿರುತ್ತದೆ. ಅದರಲ್ಲಿ ತನಗೆ ಜಾಗವೆಲ್ಲಿ ಎಂದು ತಿಳಿಯದೆ ಈತ ಅಡುಗೆಮನೆಯ ಬಾಗಿಲಲ್ಲಿ ನಿಂತು ತಪ್ಪು ಹುಡುಕಲು ಶುರುಮಾಡುತ್ತಾನೆ. ಸಂಜೆಯ ಕುಡಿತ ಸದ್ದಿಲ್ಲದೆ ಹೆಚ್ಚುವ ಕಾಲವೂ ಇದೇ. ನಿವೃತ್ತಿಯಾದ ಮೊದಲ ವರ್ಷ ಪ್ರತಿಯೊಬ್ಬ ಹೊಸ ಸದಸ್ಯನಿಗೂ ಸಂಘದಲ್ಲಿ ಒಂದು ನಿಜವಾದ ಕೆಲಸ ಒಪ್ಪಿಸಿ. ಲೆಕ್ಕ ಬರೆಯಲಿ, ಬೇರೆಯವರ ಮರುಪಾವತಿ ಅರ್ಜಿ ತುಂಬಲಿ, ಹೈಸ್ಕೂಲಿನ ಮಕ್ಕಳಿಗೆ ಗಣಿತ ಹೇಳಿಕೊಡಲಿ.

ಇಲ್ಲಿ ಒಂದು ಮಾತು. ಶಿವರಾಮ ಕಾರಂತರು ತೊಂಬತ್ತು ದಾಟಿದ ಮೇಲೂ ಬರೆದರು ಎಂಬ ಉದಾಹರಣೆಯನ್ನು ನಮ್ಮ ವೇದಿಕೆಗಳಲ್ಲಿ ಪದೇ ಪದೇ ಕೇಳುತ್ತೇನೆ. ಮನಸ್ಸು ಕುಸಿದವರ ಮುಂದೆ ಆ ಉದಾಹರಣೆ ಇಡಬೇಡಿ. ತಾನು ಏನೂ ಮಾಡಲಿಲ್ಲವೆಂಬ ಕೊರಗು ಇನ್ನಷ್ಟು ಹೆಚ್ಚುತ್ತದೆ. ಬೇಕಾದರೆ ಮಾಸ್ತಿಯವರನ್ನು ನೆನೆಯಿರಿ. ಅಷ್ಟು ದೊಡ್ಡ ಲೇಖಕರು, ವಯಸ್ಸಾದ ಮೇಲೂ ಸಂಜೆಯಾದರೆ ಬಸವನಗುಡಿಯ ಕ್ಲಬ್ಬಿಗೆ ಹೋಗಿ ಇಸ್ಪೀಟು ಆಡುತ್ತಿದ್ದರು. ಅಲ್ಲಿ ಅವರಿಗಾಗಿ ಕಾಯುವ ಜನರಿದ್ದರು. ಒಂದು ದಿನ ಬಾರದಿದ್ದರೆ ಯಾಕೆ ಬರಲಿಲ್ಲ ಎಂದು ವಿಚಾರಿಸುವವರಿರುವ ಒಂದು ಜಾಗ, ಅಷ್ಟು ಸಾಕು. ಅದು ಭಜನಾ ಮಂಡಳಿಯಾಗಲಿ, ಪಾರ್ಕಿನ ಕಲ್ಲುಬೆಂಚಾಗಲಿ, ಗ್ರಂಥಾಲಯದ ಮೇಜಾಗಲಿ, ಚೌಕಾಬಾರದ ಮನೆಯಾಗಲಿ.

ಮಕ್ಕಳನ್ನು ದೂರುವ ಉದ್ದೇಶ ನನಗಿಲ್ಲ. ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಗ ದಿನವೂ ವಿಡಿಯೊ ಕರೆ ಮಾಡುತ್ತಾನೆ, “ಊಟ ಆಯ್ತಾ, ಮಾತ್ರೆ ಆಯ್ತಾ” ಎಂದು ಕೇಳುತ್ತಾನೆ. ಆ ಐದು ನಿಮಿಷ ತಂದೆತಾಯಿ ನಗುಮುಖ ಮಾಡಿಕೊಂಡು ಕೂರುತ್ತಾರೆ. ದೂರದಲ್ಲಿರುವವರಿಗೆ ಕಾಣದ್ದು ನೆರೆಯವರಿಗೆ ಕಾಣುತ್ತದೆ, ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು.

ಸಂಘದವರಿಗೆ ಈ ಕೆಲಸ ಸಾಧ್ಯವೇ, ನಾವೇನು ಡಾಕ್ಟರುಗಳೇ ಎಂದು ಕೇಳಬಹುದು. ಪಕ್ಕದ ಗೋವೆಯಲ್ಲಿ ಇದಕ್ಕೆ ಉತ್ತರ ಸಿಕ್ಕಿದೆ. ಅಲ್ಲಿ 60 ದಾಟಿದ 181 ಜನರನ್ನು ಆರಿಸಿಕೊಂಡರು. ಎಲ್ಲರಿಗೂ ಮನಸ್ಸಿನ ಬೇಸರದ ಲಕ್ಷಣಗಳಿದ್ದವು, ಪೂರ್ತಿ ಖಿನ್ನತೆ ಇನ್ನೂ ಬಂದಿರಲಿಲ್ಲ. ಅವರಲ್ಲಿ 91 ಜನರನ್ನು ತರಬೇತಿ ಪಡೆದ ಸಾಮಾನ್ಯ ಜನರು ಭೇಟಿಯಾಗಿ ಮಾತಾಡಿಸಿದರು. ಮನೋವೈದ್ಯರಲ್ಲ, ನಮ್ಮ ನಿಮ್ಮಂಥವರು. ಎದುರಿಗಿರುವ ಕಷ್ಟವನ್ನು ಬಿಡಿಸಿ ನೋಡಿ ಒಂದೊಂದಾಗಿ ಪರಿಹಾರ ಹುಡುಕುವುದು, ನಿದ್ದೆಯ ಅಭ್ಯಾಸ ಸರಿಮಾಡುವುದು, ಸಕ್ಕರೆ ಕಾಯಿಲೆಯಂಥವನ್ನು ನೋಡಿಕೊಳ್ಳುವ ಬಗೆ ತಿಳಿಸುವುದು, ಸಿಗಬೇಕಾದ ಸರ್ಕಾರಿ ಸವಲತ್ತಿಗೆ ದಾರಿ ತೋರಿಸುವುದು, ಇಷ್ಟೇ ಅವರು ಮಾಡಿದ್ದು. ವರ್ಷದ ಕೊನೆಗೆ ಆ 91 ಜನರಲ್ಲಿ ಖಿನ್ನತೆಗೆ ಬಿದ್ದವರು 4. ಇಂಥ ನೆರವು ಸಿಗದ ಉಳಿದ 90 ಜನರಲ್ಲಿ 13. ಸಣ್ಣ ಅಧ್ಯಯನವೇ, ಒಪ್ಪುತ್ತೇನೆ. ಆದರೆ ಅವರು ಮಾಡಿದ ಆ ಕೆಲಸಗಳ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅರ್ಜಿ, ಸವಲತ್ತು, ಕಷ್ಟಸುಖದ ಮಾತು: ಇದರಲ್ಲಿ ಮೇಷ್ಟರುಗಳು, ಗುಮಾಸ್ತರು, ಗ್ರಾಮಲೆಕ್ಕಿಗರು, ಅಂಚೆಯವರು, ದಾದಿಯರು ಸೇರಿದ ನಮ್ಮ ಸಂಘಕ್ಕೆ ಬಾರದ ಕೆಲಸ ಯಾವುದಿದೆ?

ಹೇಗೆ ಶುರುಮಾಡುವುದೆಂದರೆ, ಹಿಂದಿನ ಎರಡು ಮೂರು ಸಭೆಗಳ ಹಾಜರಿ ಪುಸ್ತಕ ತೆಗೆದು ಬಾರದವರ ಪಟ್ಟಿ ಮಾಡಿ. ಒಬ್ಬೊಬ್ಬ ಸದಸ್ಯ ಐದೈದು ಹೆಸರು ವಹಿಸಿಕೊಳ್ಳಲಿ. ಫೋನು ಮಾಡಿದರೆ “ಚೆನ್ನಾಗಿದ್ದೀನಿ” ಎಂಬ ಉತ್ತರವೇ ಬರುತ್ತದೆ, ಆದ್ದರಿಂದ ಮನೆಗೆ ಹೋಗಿ. ಹೋದಾಗ ಉಪದೇಶ ಬೇಡ. ಧೈರ್ಯ ತಂದುಕೊಳ್ಳಿ, ದೇವರ ಮೇಲೆ ಭಾರ ಹಾಕಿ, ಧ್ಯಾನ ಮಾಡಿ ಎಂದು ಮೊದಲ ದಿನವೇ ಹೇಳಬೇಡಿ. ಜ್ವರದಲ್ಲಿ ಮಲಗಿದವರಿಗೆ ಎದ್ದು ಓಡು ಎಂದ ಹಾಗಾಗುತ್ತದೆ. ಊಟ ಸೇರುತ್ತಿದೆಯೇ, ನಿದ್ದೆ ಬರುತ್ತಿದೆಯೇ, ಮೊದಲು ಖುಷಿ ಕೊಡುತ್ತಿದ್ದದ್ದು ಈಗಲೂ ಕೊಡುತ್ತಿದೆಯೇ ಎಂದು ಕೇಳಿ ಸುಮ್ಮನೆ ಕೂತು ಕೇಳಿಸಿಕೊಳ್ಳಿ. ಎರಡು ವಾರಕ್ಕೂ ಹೆಚ್ಚು ಕಾಲ ಎಲ್ಲದಕ್ಕೂ ಇಲ್ಲವೆಂಬ ಉತ್ತರವಿದ್ದರೆ ವೈದ್ಯರ ಬಳಿಗೆ ನೀವೇ ಜೊತೆಯಾಗಿ ಹೊರಡಿ. ಪ್ರತಿ ನವೆಂಬರ್‌ನಲ್ಲಿ ನಾವೆಲ್ಲ ಬದುಕಿದ್ದೇವೆಂದು ತೋರಿಸುವ ಪ್ರಮಾಣಪತ್ರ ಕೊಡಬೇಕಲ್ಲ, ನಡೆಯಲಾರದವರ ಮನೆಗೆ ಅದಕ್ಕಾಗಿ ಹೇಗೂ ಹೋಗುತ್ತೀರಿ. ಬೆರಳಚ್ಚು ತೆಗೆದುಕೊಂಡ ಮೇಲೆ ಅರ್ಧ ಗಂಟೆ ಕೂತು ಬನ್ನಿ.

“ನಾನಿದ್ದು ಯಾರಿಗೇನು ಪ್ರಯೋಜನ”, “ದೇವರು ಬೇಗ ಕರೆದುಕೊಂಡರೆ ಸಾಕು” ಎಂಬ ಮಾತು ಬಂದಾಗ ಅದನ್ನು ಮುದುಕರ ಮಾಮೂಲಿ ಮಾತೆಂದು ತಳ್ಳಿಹಾಕಬೇಡಿ. “ಜೀವ ಕಳೆದುಕೊಳ್ಳಬೇಕು ಅನ್ನಿಸ್ತಿದೆಯಾ?” ಎಂದು ನೇರವಾಗಿಯೇ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೇಳಿಕೊಳ್ಳಲು ಒಬ್ಬರು ಸಿಕ್ಕರೆಂದು ಎದೆ ಹಗುರಾದವರೇ ಹೆಚ್ಚು. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡಬೇಡಿ, ಮನೆಯವರಿಗೆ ತಿಳಿಸಿ, ಮಾತ್ರೆಗಳನ್ನೂ ಹೊಲಕ್ಕೆ ತಂದ ಔಷಧಿಯನ್ನೂ ಬೀಗ ಹಾಕಿಡಲು ಹೇಳಿ, ಅದೇ ದಿನ ವೈದ್ಯರಿಗೆ ತೋರಿಸಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ದುಡ್ಡಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹಿಂಸೆ, ಆಸ್ತಿಯ ಕಿರುಕುಳ, ಹೊರಗೆ ಹಾಕುವ ಬೆದರಿಕೆ ಇದ್ದರೆ ಹಿರಿಯರ ಸಹಾಯವಾಣಿ 14567 ಇದೆ. ಜೀವನಾಂಶ ಕೇಳುವುದಕ್ಕೆ ಹಿರಿಯ ನಾಗರಿಕರಿಗಾಗಿ ಬಂದ 2007ರ ಕಾಯ್ದೆಯಂತೆ ಉಪವಿಭಾಗಾಧಿಕಾರಿಗಳ ಬಳಿ ಅರ್ಜಿ ಹಾಕಬಹುದು. ಹೆದರಿಕೆಯಲ್ಲಿ ದಿನ ಕಳೆಯುವ ಮನಸ್ಸಿಗೆ ಬರೀ ಮಾತ್ರೆಯಿಂದ ಗುಣವಾಗುವುದಿಲ್ಲ.

ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ವರೆಗೂ ಹೋಗಬೇಕಾಗುತ್ತದೆಂದು ಬಹಳ ಜನ ಹಿಂಜರಿಯುತ್ತಾರೆ. 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಈ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತರಬಹುದೆಂದು ಮಾಡಿ ತೋರಿಸಿದ್ದರು. 1996ರಲ್ಲಿ ಶುರುವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡೂ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಕೇಳಿ ಸಂಘದ ಫಲಕದ ಮೇಲೆ ಬರೆಸಿ.

ನಮ್ಮ ಜಿಲ್ಲೆಯ ಯಾವ ಸಂಘ ಕರೆದರೂ ಬಂದು, ಮನೆಭೇಟಿಗೆ ಹೊರಡುವ ಸದಸ್ಯರ ಜೊತೆ ಒಂದು ಪೂರ್ತಿ ದಿನ ಕೂತು ಹೇಳಿಕೊಡಲು ನಾನು ಸಿದ್ಧಳಿದ್ದೇನೆ. ಬೇರೆ ಜಿಲ್ಲೆಯವರು ನಿಮ್ಮ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಸಂಘದ ಹಾಳೆಯಲ್ಲಿ ಒಂದು ಪತ್ರ ಕೊಡಿ, ಅಲ್ಲಿ ಸಮಾಜ ಕಾರ್ಯಕರ್ತರೂ ಶುಶ್ರೂಷಕಿಯರೂ ಇರುತ್ತಾರೆ. ಪಟ್ಟಿ ಮಾಡುವಾಗ ಕುಟುಂಬ ಪಿಂಚಣಿದಾರರ ಹೆಸರಿನಿಂದಲೇ ಶುರುಮಾಡಿ. ಅವರ ಮನೆಗಳಿಗೆ ನಾವು ಹೋಗಿ ಬಹಳ ಕಾಲವಾಗಿದೆ.

ಇಂತಿ ನಿಮ್ಮವಳು,
ಸಂಘದ ಒಬ್ಬ ಸದಸ್ಯೆ, ನಿವೃತ್ತ ಶುಶ್ರೂಷಾಧಿಕಾರಿ